ಟಿ.ವಿ.ಯಲ್ಲಿ ಬಂದ ನಮ್ಮ ಮಾಳಿಗೆ ಹಾಡು

ನಾನು ಚಿಕ್ಕವಳಿದ್ದಾಗ, ಅಂದರೆ ಮುಂದಿನ ಹಲ್ಲು ಬಿದ್ದು ಮಾತೆಲ್ಲ ಗಾಳಿಯಾಗಿ ಹೋಗುತ್ತಿದ್ದ ವಯಸ್ಸಿನಲ್ಲಿ, ನಮ್ಮ ಮನೆ ಮೇಲಿಂದ ಮೇಲೆ ಜಾಗ ಬದಲಿಸುತ್ತಿತ್ತು. ಅಪ್ಪ ಗೌಂಡಿ ಕೆಲಸ ಮಾಡುತ್ತಿದ್ದ. ಪುಣೆಯಲ್ಲಿ ಎಲ್ಲಿ ಕಟ್ಟಡ ಏಳುತ್ತದೋ ಅದರ ಪಕ್ಕದಲ್ಲೇ ತಗಡಿನ ಗುಡಿಸಲು ಹಾಕಿಕೊಂಡು ನಾವು ಇರುತ್ತಿದ್ದೆವು. ಕಟ್ಟಡಕ್ಕೆ ಬಣ್ಣ ಬಳಿಯುವ ಹೊತ್ತಿಗೆ ನಮ್ಮ ತಗಡು, ಪಾತ್ರೆ, ಕೌದಿ ಎಲ್ಲ ಟೆಂಪೋ ಏರಿ ಇನ್ನೊಂದು ಕಡೆ ಹೊರಡುತ್ತಿದ್ದವು. ಹಸಿ ಸಿಮೆಂಟಿನ ವಾಸನೆ ಬಂದರೆ ನನಗೆ ಈಗಲೂ ಮನೆಗೆ ಬಂದ ಹಾಗೆ ಅನಿಸುತ್ತದೆ.

ಕಟ್ಟಡದ ಕೊನೆಯ ದೊಡ್ಡ ಕೆಲಸ ಮಾಳಿಗೆ ಕುಟ್ಟುವುದು. ಮೇಲ್ಛಾವಣಿಯ ತುಂಬ ಇಟ್ಟಿಗೆ ಚೂರು ಹರಡಿ, ಗಾರೆ ಸುರಿದು, ಹೆಂಗಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತು ಕಟ್ಟಿಗೆಯ ಬಡಿಗೆಗಳಿಂದ ಅದನ್ನು ಕುಟ್ಟುತ್ತಿದ್ದರು. ಸರಿಯಾಗಿ ಕುಟ್ಟದಿದ್ದರೆ ಮಳೆಗಾಲದಲ್ಲಿ ಮನೆ ಸೋರುತ್ತದೆ. ಎಲ್ಲರ ಬಡಿಗೆಯೂ ಒಟ್ಟಿಗೆ ಬೀಳಬೇಕಾದರೆ ಹಾಡು ಬೇಕು. ನಮ್ಮವರಲ್ಲಿ ಹಾಡು ಎತ್ತುತ್ತಿದ್ದವರು ಅವ್ವ ಮತ್ತು ಅತ್ತೆ. ಅತ್ತೆ ಅಂದರೆ ಅಪ್ಪನ ಅಕ್ಕ. ಅವಳದು ಎದೆಯಾಳದಿಂದ ಬರುವ ಒರಟು ದನಿ. ಅವ್ವನದು ತೆಳ್ಳಗೆ, ಆದರೆ ಬಿಸಿಲಿನಲ್ಲಿ ತಂತಿ ಮಿಂಚಿದ ಹಾಗೆ ದೂರಕ್ಕೂ ಮುಟ್ಟುತ್ತಿತ್ತು.

ಹಾಗೆ ಮಾಳಿಗೆ ಕುಟ್ಟುವ ಒಂದು ದಿನ, ಬೆಳಿಗ್ಗೆಯಿಂದಲೇ ಸೆಕೆ. ಮಳೆಗಾಲದ ಮೊದಲ ಮಳೆ, ಮಿರಗ, ಇವತ್ತೋ ನಾಳೆಯೋ ಅನ್ನುವಂತಿತ್ತು. ಸಿಂಹಗಡ ಕೋಟೆಯ ಕಡೆ ಮೋಡ ಕಪ್ಪಗೆ ಒಟ್ಟುಗೂಡುತ್ತಿತ್ತು. ಅದನ್ನು ನೋಡಿ ಅತ್ತೆ ಅಲ್ಲೇ ಹಾಡು ಕಟ್ಟಿದಳು:

"ನಿಂದರವ್ವ ಮೋಡವ್ವ ನಿಂದರ,
ನಮ್ಮ ಮಾಳಿಗಿ ಒಣಗಲಿ ನಿಂದರ."

ಅವ್ವ ಅದನ್ನು ಇನ್ನೂ ಮೇಲಕ್ಕೆ ಎತ್ತಿದಳು. ಉಳಿದವರು "ಹೋಯ್" ಎಂದು ಬಡಿಗೆ ಬೀಳಿಸಿದರು. ನನ್ನ ಅಕ್ಕ ಮತ್ತು ನಾನು, ಕುಟ್ಟಿ ಮುಗಿಯುವ ತನಕ ಗಾರೆ ಒಣಗದಂತೆ ಚೊಂಬಿನಿಂದ ನೀರು ಚಿಮುಕಿಸುತ್ತಿದ್ದೆವು.

ಸ್ವಲ್ಪ ಹೊತ್ತಿಗೆ ಬಿಳಿ ಜುಬ್ಬಾದ ಒಬ್ಬರು ಏದುಸಿರು ಬಿಡುತ್ತ ಮಾಳಿಗೆಗೆ ಬಂದರು. ಕನ್ನಡಕ ಹಣೆಯ ಮೇಲಿತ್ತು. "ಅಹೋ, ಥಾಂಬಾ! ಥಾಂಬಾ!" ಎಂದು ಎರಡೂ ಕೈ ಎತ್ತಿ ಕೂಗಿದರು. ನಿಲ್ಲಿಸಿ ಎನ್ನುವ ಆ ಮರಾಠಿ ಮಾತು ನಮಗೆಲ್ಲ ಗೊತ್ತಿತ್ತು. ಪಕ್ಕದಲ್ಲಿ ಪೇರಲ ಗಿಡದ ಹಳೆಯ ಬಂಗಲೆಯೊಂದಿತ್ತು. ಅದರಲ್ಲಿ ಹಾಡು ಧ್ವನಿಮುದ್ರಿಸುವ ಕೋಣೆ ಇದೆಯೆಂದು ನಮಗೆ ತಿಳಿದದ್ದು ಆಗಲೇ. ಅವರು ಟಿ.ವಿ. ಧಾರಾವಾಹಿಯೊಂದಕ್ಕೆ ಸಂಗೀತ ಮಾಡುತ್ತಿದ್ದರಂತೆ. ಕಿಟಕಿಗೆ ಗಾದಿ ಅಡ್ಡ ಇಟ್ಟರೂ ನಮ್ಮ ಸದ್ದು ಒಳಗೆ ಬರುತ್ತಿತ್ತಂತೆ. ಕೋಣೆ ಸಿಕ್ಕಿದ್ದು ಆ ಒಂದು ದಿನಕ್ಕೆ ಮಾತ್ರ. ಮರುದಿನವೇ ಹಾಡು ಮುಂಬೈಗೆ ಹೋಗಬೇಕಿತ್ತು.

ಅಪ್ಪ ತನ್ನ ಮುರುಕು ಮರಾಠಿಯಲ್ಲಿ ಕೈಮುಗಿದು ಹೇಳಿದ. ಈಗ ನಿಲ್ಲಿಸಿದರೆ ಗಾರೆ ಗಟ್ಟಿಯಾಗುತ್ತದೆ, ಮಳೆ ಬಂದರೆ ಎಲ್ಲ ಕೊಚ್ಚಿ ಹೋಗುತ್ತದೆ, ಆಮೇಲೆ ತನಗೆ ಯಾರೂ ಕೆಲಸ ಕೊಡುವುದಿಲ್ಲ. ಅವರ ಮುಖ ಸಣ್ಣದಾಯಿತು, ಅಪ್ಪನದೂ ಸಣ್ಣದಾಯಿತು. ಇಬ್ಬರೂ ಮೋಡ ನೋಡುತ್ತ ನಿಂತರು.

ಅತ್ತೆ ಮಾತ್ರ ಬಡಿಗೆ ಕೆಳಗಿಡಲಿಲ್ಲ. "ಹಿಂಗ ನಿಂತ್ರ ಏನಾಗ್ತದ? ಅವರ ಮಂದೀನೂ ಮ್ಯಾಲ ಕರೀರಿ. ಎಲ್ಲಾರೂ ಕೂಡಿ ಕುಟ್ಟಿದ್ರ ಲಗೂನ ಮುಗೀತದ, ಆಮ್ಯಾಲ ಬೇಕಾದಷ್ಟು ಹಾಡಿಕೊಳ್ಳಿ!" ಎಂದಳು.

ಮರಾಠಿ ಶಾಲೆಗೆ ಹೋಗುತ್ತಿದ್ದ ಅಕ್ಕ ಅದನ್ನು ನಾಚುತ್ತ ನಾಚುತ್ತ ಅವರಿಗೆ ತಿಳಿಸಿದಳು. ಅವರು ಬೈಯುತ್ತಾರೆಂದು ನಾನು ಅವ್ವನ ಬೆನ್ನ ಹಿಂದೆ ಸರಿದೆ. ಅವರು ಜೋರಾಗಿ ನಕ್ಕುಬಿಟ್ಟರು!

ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಈಗಲೂ ನಗು. ಅವರು ಕರೆದದ್ದೇ ಕೊಳಲಿನವರು ಪ್ಯಾಂಟು ಮಡಚಿಕೊಂಡು ಬಂದರು. ದಪ್ಪನೆಯ ಪಿಟೀಲಿನವರು ತಲೆಗೆ ಕರವಸ್ತ್ರ ಕಟ್ಟಿಕೊಂಡಿದ್ದರು. ತಬಲಾದವರು ನಮ್ಮವರ ಸರಿಸಮಕ್ಕೆ ಕುಟ್ಟಿದರು. ಪಿಟೀಲಿನವರ ಬಡಿಗೆ ಮಾತ್ರ ಪ್ರತಿ ಸಲವೂ ಎಲ್ಲರದು ಬಿದ್ದ ಮೇಲೆ ಒಂಟಿಯಾಗಿ "ಟಪ್" ಎನ್ನುತ್ತಿತ್ತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರೆ ಅವರೂ ನಗುತ್ತಿದ್ದರು. ನಡುವೆ ಜುಬ್ಬಾದವರು ಕುಟ್ಟುವುದನ್ನು ಬಿಟ್ಟು ಕಣ್ಣು ಮುಚ್ಚಿ ಕೂತರು. ಬಿಸಿಲು ತಲೆಗೇರಿತೆಂದು ಅಪ್ಪ ಗಾಬರಿಯಿಂದ ನೀರು ತಂದ. ಅವರು ಬೇಡವೆಂದು ಕೈಯಾಡಿಸಿದರು. ಅವರು ಹಾಡು ಕೇಳುತ್ತಿದ್ದರು.

ಹೊತ್ತು ಮುಳುಗುವ ಮೊದಲೇ ಮಾಳಿಗೆ ಮುಗಿಯಿತು. ಮೋಡವೂ ತಡೆದುಕೊಂಡಿತ್ತು. ಆಗ ಅವರು ಅವ್ವ ಮತ್ತು ಅತ್ತೆಯ ಮುಂದೆ ಬಂದು, ಇದೇ ಹಾಡನ್ನು ಕೆಳಗೆ ಬಂದು ಹಾಡಬೇಕು ಎಂದರು. ಧಾರಾವಾಹಿಯ ಹಾಡು ಹೇಗೆ ಶುರುವಾಗಬೇಕೆಂದು ಅವರಿಗೆ ಹೊಳೆದೇ ಇರಲಿಲ್ಲವಂತೆ.

"ಒಲ್ಲೆ ನಾ. ಮಂದಿ ನಗ್ತಾರ" ಎಂದು ಅವ್ವ ಮುಖ ತಿರುಗಿಸಿದಳು.

ಜುಬ್ಬಾದವರು ಬೊಕ್ಕೆ ಎದ್ದ ಅಂಗೈಗಳನ್ನು ಚಾಚಿದರು. "ನಾನು ನಿಮ್ಮ ಕೆಲಸ ಮಾಡಲಿಲ್ಲವೇ? ಈಗ ನೀವು ನನ್ನ ಕೆಲಸ ಮಾಡಿ" ಎಂದು ಅಕ್ಕನ ಬಾಯಿಂದ ಹೇಳಿಸಿದರು.

"ಖರೇ ಮಾತು ಅದ" ಎಂದು ಅತ್ತೆ ಅವ್ವನ ಕೈ ಹಿಡಿದು ಎಬ್ಬಿಸಿದಳು. ನಾನು ಸೆರಗು ಹಿಡಿದು ಹಿಂದೆಯೇ ಹೋದೆ.

ಕೋಣೆ ತಂಪಾಗಿತ್ತು. ನೆಲದ ತುಂಬ ಕೆಂಪು ಜಮಖಾನೆ. ಗಾರೆ ಮೆತ್ತಿದ ಕಾಲು ನೋಡಿಕೊಂಡು ಅವ್ವ ಹೊಸ್ತಿಲಲ್ಲೇ ನಿಂತಳು. ಜುಬ್ಬಾದವರ ಕಾಲೂ ಗಾರೆಯಾಗಿತ್ತು. ಅವರು ಜಮಖಾನೆಯ ಮೇಲೆಯೇ ಬೆಳ್ಳಗೆ ಹೆಜ್ಜೆ ಮೂಡಿಸುತ್ತ ಒಳಗೆ ನಡೆದರು. ಆಗ ಅವ್ವನೂ ಕಾಲಿಟ್ಟಳು. ಆದರೆ ಹಾಡಲು ನಿಂತಾಗ ಅವ್ವನಿಗೂ ಅತ್ತೆಗೂ ದನಿಯೇ ಬರಲಿಲ್ಲ. ಗಂಟಲು ಸರಿಮಾಡಿಕೊಂಡರು, ನೀರು ಕುಡಿದರು. ಮತ್ತೆ ಎತ್ತಿದರೂ ದನಿ ಬಾಗಿಲ ಸಂದಿಯ ಗಾಳಿಯಂತೆ ಸಣ್ಣಗಾಯಿತು. ಅವ್ವನ ಕಣ್ಣು ತುಂಬಿ ಬಂತು.

ಅತ್ತೆ ತನ್ನ ಅಂಗೈಗಳನ್ನೇ ನೋಡಿಕೊಂಡಳು. "ಕೈ ಖಾಲಿ ಅದಾವ, ಅದಕ್ಕ. ಬಡಿಗಿ ಕೊಡ್ರಿ ನಮಗ" ಎಂದಳು.

ತಬಲಾದವರು ಓಡಿಹೋಗಿ ಎರಡು ಬಡಿಗೆ ಮತ್ತು ಮರಳು ತುಂಬಿದ ಚೀಲವೊಂದನ್ನು ತಂದರು. ಅವ್ವ, ಅತ್ತೆ ನೆಲದಲ್ಲಿ ಕೂತರು. ಮೈಕನ್ನು ಅವರ ಬಾಯಿಯ ಮಟ್ಟಕ್ಕೆ ಇಳಿಸಿದರು. ಬಡಿಗೆ "ಧುಪ್" ಎಂದು ಬಿತ್ತು. "ನಿಂದರವ್ವ ಮೋಡವ್ವ" ಎಂದು ಅತ್ತೆ ಎತ್ತಿದಳು. ಅವ್ವನ ದನಿ ಅದರ ಮೇಲೇರಿತು. ಮಾಳಿಗೆಯಲ್ಲಿ ಅರ್ಧ ಹಾಡನ್ನು ಗಾಳಿ ಎತ್ತಿಕೊಂಡು ಹೋಗುತ್ತಿತ್ತು. ನನ್ನ ಅವ್ವನ ದನಿಯನ್ನು ನಾನು ಪೂರ್ತಿಯಾಗಿ ಕೇಳಿದ್ದು ಅಂದೇ ಮೊದಲು. ಹಾಡು ಮುಗಿದಾಗ ದಪ್ಪ ಪಿಟೀಲಿನವರು ತಲೆಯ ಕರವಸ್ತ್ರ ಬಿಚ್ಚಿ ಕಣ್ಣು ಒರೆಸಿಕೊಂಡರು. ಹೊರಡುವಾಗ ನಮಗೆ ಪೊಟ್ಟಣದ ತುಂಬ ಭಾಕರವಡಿ ಕೊಟ್ಟರು. ಆ ಖಾರ ಮತ್ತು ಸಿಹಿ ನನ್ನ ನಾಲಿಗೆಯಲ್ಲಿ ಇನ್ನೂ ಇದೆ.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಆ ಧಾರಾವಾಹಿ ಶುರುವಾಯಿತು. ನಮ್ಮ ಹತ್ತಿರ ಟಿ.ವಿ. ಎಲ್ಲಿಂದ ಬರಬೇಕು? ಕುಂದಾಪುರದ ಕಡೆಯವರೊಬ್ಬರ ಹೋಟೆಲಿನಲ್ಲಿ ಒಂದಿತ್ತು. ನಾವೆಲ್ಲ ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗಿ, ಸಾಂಬಾರಿನ ಘಮಘಮದ ನಡುವೆ ಗೋಡೆಗೊರಗಿ ನಿಂತೆವು. ಪರದೆಯ ಮೇಲೆ ಸೂರ್ಯ ಹುಟ್ಟಿದ. "ಧುಪ್!" ಅವ್ವನ ದನಿ, ಅತ್ತೆಯ ದನಿ! ಇಡ್ಲಿ ತಿನ್ನುತ್ತಿದ್ದವರು ಕೈ ತಡೆದು ತಲೆ ಎತ್ತಿದರು. ಆಮೇಲೆ ಪ್ರಸಿದ್ಧ ಗಾಯಕಿಯೊಬ್ಬರು ಮರಾಠಿಯಲ್ಲಿ ಹಾಡು ಮುಂದುವರಿಸಿದರು. ಅಕ್ಷರಗಳು ಬಂದವು. ಅಕ್ಕ ಕಣ್ಣು ಮಿಟುಕಿಸದೆ ಓದಿದಳು. ಗಾಯಕಿಯ ಹೆಸರಿತ್ತು. ಅದರ ಕೆಳಗೆ "ಆಣಿ ಸಾಥಿ" ಎಂದಷ್ಟೇ ಇತ್ತು. ಮತ್ತು ಸಂಗಡಿಗರು.

"ನಿಮ್ಮ ಹೆಸರ ಹಾಕಿಲ್ಲ" ಎಂದು ಅಕ್ಕ ಅಳುಮೋರೆ ಮಾಡಿದಳು. ಅವ್ವ ಪರದೆಯಿಂದ ಕಣ್ಣು ಕೆಳಗಿಳಿಸಿದಳು.

"ಸಾಥಿ ಅಂದ್ರ ನಾವೇ ಅಲ್ಲೇನ? ಮತ್ತ್ಯಾರು?" ಎಂದು ಅತ್ತೆ ಕೇಳಿದಳು. ಕೇಳಿದ ರೀತಿಗೆ ಅವ್ವನಿಗೂ ನಗು ಬಂತು.

ಹಾಡು ಮುಗಿಯುತ್ತಲೇ ನಮ್ಮವರೆಲ್ಲ ಬಾಗಿಲ ಕಡೆ ಹೊರಟರು. ಹೋಟೆಲಿನವರಿಗೆ ಆಶ್ಚರ್ಯ. "ಕಥೆ ಈಗಷ್ಟೇ ಶುರುವಾದದ್ದು ಮಾರಾಯ್ರೆ, ನೋಡುದಿಲ್ವಾ?"

"ಕಥಿ ನೀವು ನೋಡ್ರಿ. ನಮ್ದು ಮುಗೀತು!" ಎಂದಳು ಅತ್ತೆ.

ಆ ವರ್ಷವೆಲ್ಲ ಗಲ್ಲಿಯ ಮಕ್ಕಳು ಅರ್ಥ ತಿಳಿಯದೆ "ನಿಂದರಾವ್ವಾ" ಎಂದು ಹಾಡುತ್ತ ಓಡಾಡುತ್ತಿದ್ದರು. ಪ್ರತಿ ಭಾನುವಾರ ನಾವು ಆ ಅರ್ಧ ನಿಮಿಷಕ್ಕಾಗಿ ಓಡುತ್ತಿದ್ದೆವು. ತಡವಾದರೆ ಮುಗಿಯಿತು, ಮತ್ತೆ ವಾರವೆಲ್ಲ ಕಾಯಬೇಕು. ಧಾರಾವಾಹಿಯ ಕಥೆ ಏನೆಂದು ನನಗೆ ಇಂದಿಗೂ ಗೊತ್ತಿಲ್ಲ.

ನನ್ನ ಮೊಮ್ಮಕ್ಕಳು ಕಾಯುವುದಿಲ್ಲ. ಯಾವ ಕಥೆ ಬೇಕೋ ಆ ಕ್ಷಣ ಅವರ ಕೈಯಲ್ಲೇ ಹಾಜರು. ಹಾಡು ಶುರುವಾದರೆ ಪರದೆಯ ಮೂಲೆಯಲ್ಲಿ ಗುಂಡಿಯೊಂದು ಮೂಡುತ್ತದೆ, ಒತ್ತಿದರೆ ಹಾಡು ಹಾರಿ ನೇರ ಕಥೆಯೇ ಬರುತ್ತದೆ. ಅವರ ಬೆರಳು ಎಷ್ಟು ಚುರುಕು ಅಂದರೆ ಹಾಡುವವರು ಉಸಿರು ಎಳೆದುಕೊಂಡದ್ದಷ್ಟೇ ಕೇಳಿಸುತ್ತದೆ. ನಾನು ಬೈಯುವುದಿಲ್ಲ. ಅವರು ಆಡಲು ಹೊರಗೆ ಹೋದ ಮೇಲೆ ಅವರು ನೋಡಿದ್ದನ್ನೇ ಮೊದಲಿನಿಂದ ಹಚ್ಚಿ, ಹಾಡು ಪೂರ್ತಿ ಕೇಳಿ, ಕಥೆ ಶುರುವಾಗುತ್ತಲೇ ಆರಿಸಿ ಎದ್ದುಬಿಡುತ್ತೇನೆ.