ರಾಯ್ನಾಳ ಮೊದಲ ಸುಳ್ಳು ಮತ್ತು ಒಂದು ಹಂಡೆ ಕೆಂಪು

ರಾಯ್ನಾಳಿಗೆ ಐವತ್ತೆರಡು ವರ್ಷ. ಅಷ್ಟೂ ವರ್ಷಗಳಲ್ಲಿ ಅವಳು ಒಂದೇ ಒಂದು ಸುಳ್ಳು ಹೇಳಿರಲಿಲ್ಲ. ಇದರಿಂದ ಬಾಲ್ಕನ್ ಬೆಟ್ಟದ ಮಗ್ಗುಲಿನ ನಮ್ಮೂರು ಪಟ್ಟ ಪಾಡು ಅಷ್ಟಿಷ್ಟಲ್ಲ. ಹೊಸ ಪಾದ್ರಿ ಮೊದಲ ಪ್ರವಚನ ಮುಗಿಸಿ ಬಂದು, ಹೇಗಿತ್ತಮ್ಮಾ ಎಂದು ಕೇಳಿದ್ದಕ್ಕೆ, "ಅರ್ಧಕ್ಕೇ ನಿದ್ದೆ ಬಂತು ಪಾದ್ರಿಗಳೇ, ಉಳಿದರ್ಧ ಚೆನ್ನಾಗಿದ್ದಿರ್ಬೇಕು" ಎಂದಿದ್ದಳು. ಅವಳು ಊಟಕ್ಕೆ ಬರುತ್ತಾಳೆಂದರೆ ಹೆಂಗಸರು ಚೀಸ್ ತುಂಬಿದ ಬಾನಿತ್ಸಾ ಕಡುಬು ಮಾಡುವುದನ್ನೇ ಬಿಟ್ಟು ಬ್ರೆಡ್ಡು ಕೊಯ್ದಿಡುತ್ತಿದ್ದರು.

ಊರಿನ ಪಾಡು ಹಾಗಿರಲಿ, ಅವಳ ಪಾಡೇ ದೊಡ್ಡದು. ಸುಳ್ಳು ಬಾರದವಳ ಹಂಡೆಯಲ್ಲಿ ಕೆಂಪು ಬರುವುದಿಲ್ಲ.

ಈರುಳ್ಳಿ ಸಿಪ್ಪೆಯ ಹಳದಿ, ಅಕ್ರೋಟಿನ ಸಿಪ್ಪೆಯ ಕಂದು, ಇವೆಲ್ಲ ಸಾಧು ಬಣ್ಣಗಳು, ಕರೆದರೆ ಬರುತ್ತವೆ. ಕೆಂಪಿಗೆ ಮಾತ್ರ ಗತ್ತು. ಮಂಜಿಷ್ಠದ ಬೇರು ಹಂಡೆಗೆ ಬಿದ್ದ ಮೇಲೆ, ನೀರು ಕಾಯುವಷ್ಟರಲ್ಲಿ, ಬಣ್ಣ ಹಾಕುವವಳು ಊರೊಳಕ್ಕೆ ಒಂದು ಸುಳ್ಳು ಬಿಡಬೇಕು. ಸುಳ್ಳು ಎಷ್ಟು ದೂರ ಓಡುತ್ತದೋ ಕೆಂಪು ಅಷ್ಟು ಗಾಢ. ನೂಲು ಒಣಗುವ ತನಕ ಅದು ಸುಳ್ಳೆಂದು ಯಾರೂ ಬಾಯಿಬಿಡಬಾರದು. ಬಾಯಿಬಿಟ್ಟರೆ ಬಣ್ಣವೂ ಅದರ ಹಿಂದೆಯೇ ಇಳಿದು ಹೋಗುತ್ತದೆ. ಕೇಳಿದವರು ಯಾರೂ ನಂಬುವುದಿಲ್ಲ, ಆದರೆ ಮರ್ಯಾದೆಗೆ ನಾಲ್ಕು ಮನೆಗೆ ದಾಟಿಸುತ್ತಾರೆ. ಇಷ್ಟು ಸುಲಭದ ಕೆಲಸ ರಾಯ್ನಾಳಿಂದ ಆಗುತ್ತಿರಲಿಲ್ಲ. ತಂಗಿಯ ಇಬ್ಬರು ಹೆಣ್ಣುಮಕ್ಕಳು ಆಗಲೇ ಅವಳ ಕೈಯ ಹೆಂಚಿನ ಬಣ್ಣದ ಕಂಬಳಿ ಹೊತ್ತು ಗಂಡನ ಮನೆ ಸೇರಿದ್ದರು.

ಈಗ ಮೂರನೆಯವಳು ಎಲಿತ್ಸಾಳ ಸರದಿ. ಮದುಮಗಳ ಕಂಬಳಿಗೆ ಕೆಂಪು ಹಾಕುವುದು ದೊಡ್ಡಮ್ಮನ ಹಕ್ಕು. "ದೊಡ್ಡಮ್ಮಾ, ಹೆಂಚು ಹೊದ್ಕೊಂಡು ನಾನ್ ಹೋಗಲ್ಲ" ಎಂದು ಎಲಿತ್ಸಾ ಮೊದಲೇ ಹೇಳಿಬಿಟ್ಟಿದ್ದಳು. ನಾಲ್ಕು ವರ್ಷ ಬೆಳೆಸಿ ಅಗೆದ ಬೇರು ಅಷ್ಟೂ ಈ ಒಂದು ಹಂಡೆಗೆ. ಕೆಟ್ಟರೆ ಮತ್ತೆ ನಾಲ್ಕು ವರ್ಷ ಕಾಯಬೇಕು. ಎಲಿತ್ಸಾಳ ಗಂಡು ನಾಲ್ಕು ವಾರವೂ ಕಾಯುವವನಲ್ಲ.

ಜುಲೈ ತಿಂಗಳ ಬೆಳಿಗ್ಗೆ ಅಂಗಳದಲ್ಲಿ ಯುದ್ಧ ಶುರುವಾಯಿತು. ತಾಮ್ರದ ಹಂಡೆಯ ಒಂದು ಕಡೆ ರಾಯ್ನಾ, ಇನ್ನೊಂದು ಕಡೆ ಬಣ್ಣದ ಕೆಲಸದಲ್ಲಿ ಪಳಗಿದ ಎಂಬತ್ನಾಲ್ಕರ ಸ್ತಾನಾ ಅಜ್ಜಿ, ಬೇಲಿಗೆ ಆತುಕೊಂಡು ಪಕ್ಕದ ಮನೆಯ ನಾನು. ಪಟಿಕದ ನೀರಲ್ಲಿ ನೆನೆದ ನೂಲಿನ ಲಡಿಗಳು ಒಳಗಿಳಿದವು. ನೀರಿನ ಮೇಲೆ ಹಬೆ ಕಾಣಿಸಿತು.

"ಬಿಡೇ ಸುಳ್ಳು! ನೀರು ಕುದ್ದರೆ ಕೆಂಪು ಸತ್ತು ಕಂದಾಗ್ತದೆ!" ಅಜ್ಜಿ ಕಿರುಚಿದಳು.

"ನನ್ ಕೋಳಿ... ಇವತ್ತು ಎರಡು ಮೊಟ್ಟೆ ಇಟ್ಟಿದೆ."

"ಇಟ್ಟಿದೆಯಾ?"

"ಇಟ್ಟಿದೆ."

"ಅದು ನಿಜ ಕಣೇ, ಪೆದ್ದಿ! ಆಗ್ದೇ ಇರೋದು ಹೇಳು!"

"ಆಗ್ದೇ ಇರೋದು ನಂಗ್ಹೆಂಗೆ ಗೊತ್ತಾಗ್ಬೇಕು ಅಜ್ಜಿ?"

ಅದೇ ಹೊತ್ತಿಗೆ ಬೀದಿಯಾಚೆ ಗೋರಾನ್ ತನ್ನ ಜೇನುಪೆಟ್ಟಿಗೆಗಳ ನಡುವೆ ಹಾಡಿಕೊಂಡು ಓಡಾಡುತ್ತಿದ್ದ. ಹೆಂಡತಿ ತೀರಿ ಆರು ವರ್ಷ. ಜೇನು ಕದಿಯಲು ಬಂದ ಕರಡಿ ತನ್ನ ಕ್ಷಮೆ ಕೇಳಿ ಹೋಯಿತೆಂದು ಹೇಳುವ, ಜಿಲ್ಲೆಗೇ ದೊಡ್ಡ ಸುಳ್ಳುಗಾರ. ರಾಯ್ನಾಳ ಕಣ್ಣು ಅತ್ತ ಹೋಯಿತು, ಬಾಯಿ ತಾನೇ ತೆರೆಯಿತು.

"ಗೋರಾನ್ ನನ್ನ ಮದುವೆ ಆಗು ಅಂತ ಕೇಳ್ದ!"

ಅಜ್ಜಿ ಕೈಯ ಕೋಲು ಹಂಡೆಗೆ ಬಿತ್ತು. ಸುಳ್ಳನ್ನು ದಾಟಿಸುವ ಪುಣ್ಯಕ್ಕೆ ನಾನೇ ಬ್ರೆಡ್ಡಿನ ಅಂಗಡಿಗೆ ಓಡಿದೆ. ಆದರೆ ಇದು ಬಣ್ಣದ ಸುಳ್ಳೆಂದು ಅಲ್ಲಿ ಒಬ್ಬರೂ ಕಣ್ಣು ಹೊಡೆಯಲಿಲ್ಲ.

"ರಾಯ್ನಕ್ಕ ಹೇಳಿದ್ಲಾ? ಹಂಗಾದ್ರೆ ನಿಜಾನೇ!"

ಅರ್ಧ ಗಂಟೆಯಲ್ಲಿ ಸುದ್ದಿ ನದಿ ದಾಟಿತು. ಪಾದ್ರಿ ತಾರೀಕು ನೋಡಲು ಕೂತ. ಪಕ್ಕದೂರಿನ ಓಲಗದವರು ಮುಂಗಡ ಕೇಳಿ ಕಳಿಸಿದರು. ಐವತ್ತೆರಡು ವರ್ಷ ಕೂಡಿಟ್ಟ ಸತ್ಯವನ್ನೆಲ್ಲ ಒಂದೇ ಸುಳ್ಳಿನ ಬೆನ್ನಿಗೆ ಕಟ್ಟಿದರೆ ಅದು ಕುದುರೆಯಂತೆ ಓಡದೆ ಏನು ಮಾಡೀತು! ಹಂಡೆಯಲ್ಲಿ ನೂಲು ಕಿತ್ತಳೆಯಾಯಿತು, ಹೆಂಚಾಯಿತು, ಹೆಂಚನ್ನು ದಾಟಿತು, ದಾಳಿಂಬೆ ಕಾಳಿನ ಕೆಂಪಾಯಿತು. ಅಜ್ಜಿ ತಲೆವಸ್ತ್ರ ಜಾರಿದ್ದನ್ನೂ ನೋಡದೆ ಕುಣಿದಳು.

ಲಡಿಗಳನ್ನು ಬೇಲಿಯ ಮೇಲೆ ಹರಡುತ್ತಿದ್ದಾಗ ಗೋರಾನನೇ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಜೇನಿನ ಬಾಟಲಿ, ಮುಖದಲ್ಲಿ ಗಾಬರಿ.

"ರಾಯ್ನಾ, ನಾನ್ ಯಾವಾಗ್ ಕೇಳ್ದೆ?"

ಅಜ್ಜಿ ಹಿಂದಿನಿಂದ ರಾಯ್ನಾಳ ಸೊಂಟ ಚಿವುಟಿದಳು. ನೂಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ನೀನು ಸುಳ್ಳು ಹೇಳೋಳಲ್ಲ," ಗೋರಾನ್ ತಲೆ ಕೆರೆದುಕೊಂಡ. "ಅಂದ್ಮೇಲೆ ಕೇಳಿರ್ತೀನಿ. ಪ್ಲಮ್ಮಿನ ಸಾರಾಯಿ ಕಾಯ್ಸಿದ ದಿನ ಇರ್ಬೇಕು. ಆವತ್ತು ನಂಗೆ ನನ್ ಹೆಸರೇ ಜ್ಞಾಪಕ ಇರ್ಲಿಲ್ಲ."

"ನೂಲು ಒಣಗ್ಲಿ," ರಾಯ್ನಾ ನೆಲ ನೋಡುತ್ತ ಹೇಳಿದಳು. "ಆಮೇಲೆ ಮಾತಾಡೋಣ."

"ಒಣಗೋವರ್ಗೂ ಕಾಯ್ತೀನಿ ಬಿಡು."

ಕಾದ. ನೂಲು ದಪ್ಪ, ಮೇಲೆ ಮೋಡ, ಮೂರು ದಿನ ಬೇಲಿಯ ಪಕ್ಕ ಸ್ಟೂಲು ಹಾಕಿಕೊಂಡು ಕಾದ. ಕೂತಲ್ಲೇ ಬೇಲಿ ರಿಪೇರಿ ಮಾಡಿದ, ನೂಲಿನ ಮೇಲಿಂದ ಕೋಳಿ ಓಡಿಸಿದ, ರಾಯ್ನಾ ಕೊಟ್ಟ ಹುರುಳಿಕಾಯಿ ಪಲ್ಯಕ್ಕೆ ಉಪ್ಪು ಹೆಚ್ಚೆಂದು ಹೇಳಿದ. ಇಷ್ಟು ವರ್ಷದಲ್ಲಿ ಅವನು ಆಡಿದ ಮೊದಲ ಸತ್ಯ ಅದೇ ಇರಬೇಕು. ರಾಯ್ನಾ ಮೊದಲ ಸಲ ಗೊಳ್ಳೆಂದು ನಕ್ಕಳು. ದಾರಿಹೋಕರು ಹೇಗೆ ಕೇಳಿದೆಯೋ ಗೋರಾನ್ ಎಂದರೆ ಸಾಕು, ಒಬ್ಬರಿಗೆ ಅಕ್ರೋಟಿನ ಮರದಡಿ ಮಂಡಿಯೂರಿ ಕೇಳಿದೆ ಎನ್ನುತ್ತಿದ್ದ, ಇನ್ನೊಬ್ಬರಿಗೆ ಆಗ ಮಂಡಿ ಲಟಕ್ಕೆಂದ ಸದ್ದನ್ನೂ ಸೇರಿಸುತ್ತಿದ್ದ. ಮೂರನೆಯ ದಿನದ ಹೊತ್ತಿಗೆ ಆ ಕರಡಿಯೂ ಸಾಕ್ಷಿಗೆ ಬಂದಿತ್ತು.

ನಾಲ್ಕನೆಯ ಬೆಳಿಗ್ಗೆ ನೂಲು ಗರಿಗರಿ ಒಣಗಿತ್ತು. ಎಲಿತ್ಸಾ ನೋಡಿ ಕಿರುಚಿ, ಅಜ್ಜಿಯನ್ನು ಎತ್ತಿ ತಿರುಗಿಸಿ, ಮಗ್ಗ ಸಿದ್ಧ ಮಾಡಲು ಒಳಗೆ ಓಡಿದ್ದಳು. ರಾಯ್ನಾಳ ಮುಖ ಮಾತ್ರ ಸಪ್ಪೆ. ಇನ್ನು ಸತ್ಯ ಹೇಳಲೇಬೇಕು. ಹೇಳಿದರೆ ಸ್ಟೂಲು ಬೀದಿಯಾಚೆ ಹೋಗುತ್ತದೆ.

ಗೋರಾನ್ ಇಸ್ತ್ರಿ ಅಂಗಿಯಲ್ಲಿ ಗೇಟು ತೆಗೆದ. "ಒಣಗ್ತಾ?"

ರಾಯ್ನಾ ಅವನನ್ನು ನೋಡಿದಳು, ನೂಲನ್ನು ನೋಡಿದಳು. ಒಂದು ಸುಳ್ಳಿಗೇ ಮೂರು ದಿನ ಅವಳಿಗೆ ನಿದ್ದೆ ಬಂದಿರಲಿಲ್ಲ, ಎರಡನೆಯದು ಅವಳ ಕೈಲಾಗದ ಮಾತು. ಬಾವಿಕಟ್ಟೆಯ ಮೇಲಿದ್ದ ತುಂಬಿದ ಬಕೆಟ್ ಎತ್ತಿದಳು, ಈ ತುದಿಯಿಂದ ಆ ತುದಿಯವರೆಗೆ ಲಡಿಗಳ ಮೇಲೆ ಸುರಿದಳು.

"ಇಲ್ಲ," ಎಂದಳು. "ಹಸಿ ಇದೆ."

ನಾನು, ಅಜ್ಜಿ, ಬಾಗಿಲಿಗೆ ಓಡಿಬಂದ ಎಲಿತ್ಸಾ, ಮೂವರೂ ಬಣ್ಣ ಇಳಿದು ಹೋಯಿತೇನೋ ಎಂದು ನೆಲ ನೋಡಿದೆವು. ನೂಲಿನಿಂದ ಧಾರೆಯಾಗಿ ಇಳಿದ ನೀರು ಬಾವಿಯಲ್ಲಿದ್ದಷ್ಟೇ ತಿಳಿಯಾಗಿ ಗೋರಾನನ ಪಾಲಿಶ್ ಮಾಡಿದ ಶೂ ನೆನೆಸಿತು. ಒಂದು ಹನಿ ಕೆಂಪಿರಲಿಲ್ಲ.

ಗೋರಾನ್ ಬಕೆಟ್ ನೋಡಿದ, ರಾಯ್ನಾಳನ್ನು ನೋಡಿದ, ಮೀಸೆಯಡಿ ನಗುತ್ತಾ ಸ್ಟೂಲು ಎಳೆದುಕೊಂಡು ಕೂತ.