ದೋಣಿಯೊಳಗೆ ಹಿಡಿದ ಕಬ್ಬಿಣ

ಸತ್ತವರು ಮತ್ತೆ ಬಂದರು ಎಂಬ ಮಾತು ಎದ್ದರೆ ಮೊದಲು ನಗುತ್ತಿದ್ದವನು ನಾನೇ. ಈಸ್ಟ್ ಹ್ಯಾಮಿನ ಗೆಳೆಯರ ಮನೆಯಲ್ಲಿ ಇಂಥ ಕಥೆ ಶುರುವಾದರೆ ಚಹಾದ ಕಪ್ಪು ಹಿಡಿದು ಎದ್ದುಹೋಗುತ್ತಿದ್ದೆ. ಈಗ ನನ್ನದನ್ನೇ ಬರೆಯಲು ಕೂತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ.

ಹೌನ್ಸ್ಲೋದ ನಮ್ಮ ಫ್ಲ್ಯಾಟಿನ ಹಿಂದಿನ ಗ್ಯಾರೇಜಿನಲ್ಲಿ ಹಳೆಯ ಕನೂಗಳನ್ನು ರಿಪೇರಿ ಮಾಡುವುದು ನನ್ನ ಹುಚ್ಚಾಗಿತ್ತು. ತೆಳು ಮರದ ಹಲಗೆಯ ಮೇಲೆ ಕ್ಯಾನ್ವಾಸು ಬಿಗಿದ, ಇಬ್ಬರು ಕೂರುವ ಸಪೂರ ದೋಣಿಗಳವು. ಕೊಳೆತ ಹಲಗೆ ಬದಲಿಸುವಾಗ ದೋಣಿಯನ್ನು ಸ್ಟ್ಯಾಂಡಿನ ಮೇಲೆ ಬೋರಲು ಹಾಕಿ, ಹೊರಗಿನಿಂದ ಸಣ್ಣ ಹಿತ್ತಾಳೆ ಮೊಳೆ ಬಡಿಯಬೇಕು. ಒಳಗೆ ಇನ್ನೊಬ್ಬರು ಅದೇ ಜಾಗಕ್ಕೆ ಒಂದು ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು. ಆಗ ಮೊಳೆಯ ತುದಿ ಕಬ್ಬಿಣಕ್ಕೆ ತಾಗಿ, ಮಡಚಿಕೊಂಡು ಮರದೊಳಗೆ ಕೂರುತ್ತದೆ. ಹಿಡಿಯದಿದ್ದರೆ ಮುಳ್ಳಿನಂತೆ ನಿಂತುಬಿಡುತ್ತದೆ. ಆ ಇನ್ನೊಬ್ಬರು ನನ್ನ ಹೆಂಡತಿ ಸುಮಾ. ಧಾರವಾಡದಿಂದ ತಂದ ಮಣೆ ಹಾಕಿಕೊಂಡು ದೋಣಿಯ ಕೆಳಗೆ ಕೂತು, ಪ್ರತಿ ಮೊಳೆಗೂ "ಹಿಡದೀನ್ರೀ, ಬಡೀರಿ" ಅನ್ನುವಳು.

ಒಂದು ಭಾನುವಾರ ಒಂದು ಮೊಳೆ ಮಡಚದೆ ನೆಟ್ಟಗೆ ಉಳಿಯಿತು. "ಇಷ್ಟು ವರ್ಷ ಆತು, ಒಂದು ಕಬ್ಬಿಣ ಹಿಡಿಯಾಕ ಬರೂದಿಲ್ಲೇನು ನಿನಗ?" ಎಂದು ರೇಗಿದೆ.

"ಕೈ ಯಾಕೋ ಜೋಮು ಹಿಡದೈತ್ರೀ" ಎಂದಳು.

"ನೆವಾ ಹೇಳಬ್ಯಾಡ" ಎಂದೆ. ಅವಳು ಕಬ್ಬಿಣವನ್ನು ಕಪಾಟಿನಲ್ಲಿಟ್ಟು ಒಳಗೆ ಹೋದಳು. ಮಂಗಳವಾರ ಸ್ಟ್ರೋಕ್ ಆಗಿ ತೀರಿಕೊಂಡಳು.

ತಿಂಗಳ ನಂತರ ಒಂದು ಮಧ್ಯಾಹ್ನ, ಆ ದೋಣಿ ಮುಗಿಸಿ ಕೈತೊಳೆದುಕೊಳ್ಳೋಣವೆಂದು ಗ್ಯಾರೇಜಿಗೆ ಹೋದೆ. ಹಿಡಿಯುವವರಿಲ್ಲ, ಮುಳ್ಳು ನಿಂತರೆ ನಿಲ್ಲಲಿ ಎಂದು ಒಬ್ಬನೇ ಬಡಿಯತೊಡಗಿದೆ. ಟೊಳ್ಳು ಸದ್ದು. ತಲೆಯ ಮೇಲೆ ಎಂದಿನಂತೆ ವಿಮಾನವೊಂದು ಇಳಿಯುತ್ತಾ ಹೋಯಿತು. ಅದರ ಗದ್ದಲ ಅಡಗಿದಾಗ ನನ್ನ ಸುತ್ತಿಗೆಯ ಸದ್ದು ಬದಲಾಗಿತ್ತು. ಒಳಗೆ ಕಬ್ಬಿಣ ಹಿಡಿದಾಗ ಬರುವ ಗಟ್ಟಿ ಸದ್ದು ಅದು, ನಿದ್ದೆಯಲ್ಲೂ ಗುರುತಿಸುತ್ತೇನೆ.

ನಾನು ಬಗ್ಗಿ ನೋಡಲಿಲ್ಲ. ಹೆದರಿಕೆಯಿಂದಲ್ಲ, ನೋಡಿದರೆ ನಿಂತುಹೋದೀತು ಎಂದು. ಅಳುತ್ತಲೇ ಬಡಿದೆ. ಬೇಕಿದ್ದಕ್ಕಿಂತ ಹೆಚ್ಚು ಬಡಿದೆ. ಕೊನೆಗೆ ಡಬ್ಬಿಯಲ್ಲಿ ಮೊಳೆ ಉಳಿಯಲಿಲ್ಲ.

ಸಂಜೆ ಮಗಳು ಬಂದಳು. ಇಬ್ಬರೂ ಸೇರಿ ದೋಣಿಯನ್ನು ತಿರುಗಿಸಿ ಅಂಗಾತ ಇಟ್ಟೆವು. ಆ ದಿನ ಬಡಿದ ಮೊದಲ ಐದಾರು ಮೊಳೆ ಮುಳ್ಳಿನಂತೆ ನಿಂತಿದ್ದವು. ಉಳಿದವೆಲ್ಲ ನೀಟಾಗಿ ಮಡಚಿ ಕೂತಿದ್ದವು. ಮಗಳು ಅವುಗಳ ಮೇಲೆ ಬೆರಳಾಡಿಸಿ, "ಹೂ ಹೆಲ್ಪ್ಡ್ ಯೂ, ಅಪ್ಪಾ?" ಎಂದಳು. ಕಬ್ಬಿಣ ಕಪಾಟಿನಲ್ಲೇ ಇತ್ತು.

ಇದಾಗಿ ಕೆಲವು ವರ್ಷಗಳಾದವು. ಮರ ಅಲ್ಲಿ ಗಟ್ಟಿಯಿತ್ತೇನೋ, ಮೊಳೆ ತಾನಾಗಿ ಬಾಗಿತೇನೋ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಯಾವ ಮೊಳೆಗಾಗಿ ಅವಳನ್ನು ಬೈದೆನೋ, ಆ ಹಳೆಯ ಮೊಳೆಯನ್ನು ನಾನು ಆ ದಿನ ಮುಟ್ಟಿರಲೇ ಇಲ್ಲ. ಅದೂ ಮಡಚಿ ಕೂತಿತ್ತು. ನಾನು ಬೈದದ್ದರ ಗುರುತಿಗೆ ಅದನ್ನಾದರೂ ಅವಳು ಹಾಗೇ ಬಿಡಬಾರದಿತ್ತೇ?