ತೊಟ್ಟಿ ಮೇಸ್ತ್ರಿ ಮುಚ್ಚಿದ ಬಾಯಿಗಳು

ಸರಕು ನೋಡುವ ಕಣ್ಣಿಂದ ನೋಡಿದರೆ ತೊಟ್ಟಿ ಮೇಸ್ತ್ರಿಯವರದು ಬೆಲೆ ಬಾಳುವ ಆಕಾರವಲ್ಲ. ಗಿಡ್ಡ ಆಳು, ಸುಟ್ಟ ಇಟ್ಟಿಗೆಯ ಬಣ್ಣ, ಕಿವಿಗೆ ಸಿಕ್ಕಿಸಿದ ಮೊಂಡು ಪೆನ್ಸಿಲ್. ಮಾತಿನಲ್ಲಂತೂ ಗಿಟ್ಟುವುದೇನಿಲ್ಲ. ಕೈಗೆ ಮಾತ್ರ ಎಷ್ಟು ಕೇಳಿದರೂ ಕೊಡಬಹುದು. ಅವರು ಕಟ್ಟಿದ ನೀರಿನ ತೊಟ್ಟಿ ಸೋರಿದ್ದನ್ನು ಕಂಡವರಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ಆ ಕೈ ಕೆಲಸಕ್ಕೆ ಬರುತ್ತಿತ್ತು, ತಲೆ ಮನೆಯಲ್ಲೇ ಉಳಿಯುತ್ತಿತ್ತು. ಆ ಹೊತ್ತಿಗೇ, ಅವರು ಕೆಲಸಕ್ಕಿದ್ದ ನನ್ನ ಸಿಮೆಂಟ್ ಸಾಮಾನಿನ ಅಂಗಡಿಗೆ ಮೀನುಗಾರಿಕೆ ಇಲಾಖೆಯ ಗುತ್ತಿಗೆ ಸಿಕ್ಕಿತು. ಸಮುದ್ರದ ತಳದಲ್ಲಿ ಇಳಿಸಲು ಕಾಂಕ್ರೀಟಿನ ಗೂಡುಗಳು ಬೇಕಾಗಿದ್ದವು. ಅವಕ್ಕೆ ಪಾಚಿ ಹತ್ತುತ್ತದೆ, ಮೀನು ಸೇರುತ್ತದೆ, ಕಡಲಾಮೆಗಳು ಮೇಯುತ್ತವೆ, ದಣಿದರೆ ಒಳಗೇ ಮಲಗುತ್ತವೆ. ಅಚ್ಚು ಹಾಕುವ ಕೆಲಸ ಮೇಸ್ತ್ರಿಯವರದು.

ನಕ್ಷೆಯಲ್ಲಿ ಗೂಡಿನ ಪಕ್ಕಕ್ಕೆ ಕಿಂಡಿ, ನೆತ್ತಿಗೆ ಅಗಲವಾದ ಬಾಯಿ ಇತ್ತು. ಎಂಜಿನಿಯರ್ ಅಳತೆ ನೋಡಿ, ತಲೆಯಾಡಿಸಿ ಹೋದರು. ಅವರು ಅತ್ತ ಹೋದದ್ದೇ ಮೇಸ್ತ್ರಿಯವರು ಒಂದೊಂದು ಬಾಯಿಗೂ ಹಲಗೆ ಕೂರಿಸಿ, ಕಾಂಕ್ರೀಟ್ ಸುರಿದು, ಕರಣೆಯಿಂದ ನಯ ಮಾಡಿ ಮುಚ್ಚಿದರು. ಯಾರೂ ಹೇಳಿರಲಿಲ್ಲ. ಬಾಯಿ ತೆರೆದಿಟ್ಟ ತೊಟ್ಟಿಯನ್ನು ಬಿಟ್ಟು ಬರುವುದು ಆ ಕೈಗೆ ಗೊತ್ತಿರಲಿಲ್ಲ, ಅಷ್ಟೇ. ಗೂಡುಗಳು ದೋಣಿ ಹತ್ತಿ ನೀರಿಗಿಳಿದವು.

ಅವರ ಅಳಿಯ ಇಲಾಖೆಯ ಮುಳುಗುಗಾರ. ತಳ ನೋಡಿ ಬಂದವನು ಊಟಕ್ಕೆ ಕೂತಾಗ ತಟ್ಟೆ ಮುಟ್ಟಲಿಲ್ಲ.

"ಒಂದರೊಳಗೆ ಆಮೆ ಸತ್ತಿದೆ ಮಾವ. ಪಕ್ಕದ ಕಿಂಡಿಯಿಂದ ನುಗ್ಗಿದೆ. ಉಸಿರು ಬೇಕಾದಾಗ ಅದು ಮೇಲಕ್ಕೇ ಹೋಗೋದು, ಕೆಳಗೆ ಬಂದು ಬಾಗಿಲು ಹುಡುಕಲ್ಲ."

ಮೇಸ್ತ್ರಿಯವರು ಅನ್ನ ಕಲಸುತ್ತಲೇ ಇದ್ದರು.

"ನಾನೇ ಮುಚ್ಚಿದ್ದು," ಅಂದರು.

"ಯಾಕೆ ಮಾವ? ಸಮುದ್ರದೊಳಗೆ ಇಟ್ಟಿರೋದಕ್ಕೆ ಕಸ ಬೀಳುತ್ತೆ ಅಂತಲಾ?"

ನಗಿಸಲು ಹೇಳಿದ್ದೋ ಚುಚ್ಚಲು ಹೇಳಿದ್ದೋ, ಯಾರೂ ನಗಲಿಲ್ಲ. ಅಳಿಯ ಹೇಳಿದ ಹಾಗೆ, ಅಂಗಡಿಯವರು ನಕ್ಷೆ ಬದಲಿಸಿ ಮೋಸ ಮಾಡಿದ್ದಾರೆಂದು ಇಲಾಖೆ ನಂಬಿತ್ತಂತೆ, ನಮ್ಮನ್ನು ಕಪ್ಪುಪಟ್ಟಿಗೆ ಸೇರಿಸುವ ಮಾತೂ ನಡೆದಿತ್ತಂತೆ. ಹಾಗಿದ್ದಮೇಲೆ ಸುಮ್ಮನಿದ್ದುಬಿಡಿ ಅಪ್ಪ, ಈ ವಯಸ್ಸಲ್ಲಿ ಇನ್ನೊಬ್ಬರು ಕೆಲಸ ಕೊಡ್ತಾರಾ ಎಂದು ಮಗಳು ಮೆಲ್ಲಗೆ ಅಂದಳು. ಅವರು ಮಜ್ಜಿಗೆ ಬಡಿಸಿಕೊಂಡರು. ರುಚಿ ತಿಳಿಯಲಿಲ್ಲ. ಈಚೆಗೆ ಯಾವುದರದೂ ತಿಳಿಯುತ್ತಿರಲಿಲ್ಲ.

ಮರುದಿನ ಇಲಾಖೆಯ ಕಚೇರಿಗೆ ಹೋಗಿ, ಕುರ್ಚಿ ತೋರಿಸಿದರೂ ಕೂರದೆ ಹೇಳಿದರು: "ಅಂಗಡಿಯವ್ರಿಗೆ ಗೊತ್ತಿಲ್ಲ. ಮುಚ್ಚಿದ್ದು ನಾನು. ಮೇಲೆತ್ತಿಸಿ, ನಾನೇ ಒಡೀತೀನಿ."

ಅಧಿಕಾರಿ ಬೈದರು. ಬೈಗುಳ ಒದ್ದೆ ಗೋಡೆಗೆ ಹೊಡೆದ ಸುಣ್ಣದಂತೆ ಜಾರಿಹೋಯಿತು.

ಕ್ರೇನ್ ಗೂಡುಗಳನ್ನು ಒಂದೊಂದಾಗಿ ದೋಣಿಯ ಮೇಲಿಟ್ಟಿತು. ಉಳಿಯ ಏಟಿಗೆ ಮುಚ್ಚಳಗಳು ಸುಲಭವಾಗಿ ಜಗ್ಗಲಿಲ್ಲ. ಅಷ್ಟು ಗಟ್ಟಿ ಕೆಲಸ. ಸತ್ತ ಆಮೆಯನ್ನು ಅಳಿಯ ಹೊರಗೆಳೆದು ಮಲಗಿಸಿದ. ಮೇಸ್ತ್ರಿಯವರು ಅದರ ಬೆನ್ನಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೇ ಕೂತರು, ಗಿಲಾವು ಆರಿದೆಯೋ ಇಲ್ಲವೋ ನೋಡುವವರ ಹಾಗೆ. ಅಳು ಬರುತ್ತದೇನೋ ಅಂತ ಕಾದರು. ಬರಲಿಲ್ಲ. ಎದ್ದು ಮುಂದಿನ ಗೂಡಿಗೆ ಉಳಿ ಇಟ್ಟರು.

ಬಾಯಿ ತೆರೆದ ಗೂಡುಗಳು ಮತ್ತೆ ತಳ ಸೇರಿದವು. ಈಚೆಗೆ ಒಂದರಲ್ಲಿ ಆಮೆಯೊಂದು ಮಲಗಿತ್ತು, ಎಚ್ಚರವಾದ ಮೇಲೆ ನೆತ್ತಿಯಿಂದಲೇ ಎದ್ದು ಹೋಯಿತು ಎಂದು ಅಳಿಯ ಹೇಳಿದ. ಮೇಸ್ತ್ರಿಯವರು "ಹೂಂ" ಅಂದರು.

ಇಲಾಖೆ ನಮ್ಮ ಮೇಲೆ ಹೊರಿಸಿದ್ದ ಮೋಸದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. ಪೇಟೆಯಲ್ಲಿ ನಾನು ಇವತ್ತು ತಲೆಯೆತ್ತಿ ನಡೆಯುತ್ತಿರುವುದು ಮೇಸ್ತ್ರಿಯವರ ಋಣದಿಂದ.